ತುಂಬು ಬಿಡಿಸುವಾಗ

ಬ್ಯಾಡಗಿಯಲ್ಲಿ ಗಾಳಿಗೂ ಒಂದು ಬಣ್ಣವಿದೆ.
ಫೆಬ್ರುವರಿ, ಸೋಮವಾರದ ಟೆಂಡರ್ ಮುಗಿದ ಮಧ್ಯಾಹ್ನ,
ಹೊಸಗೌಡ್ರ ದಲಾಲಿ ಅಂಗಡಿಯ ಹಿಂದೆ
ತಗಡಿನ ನೆರಳಲ್ಲಿ ಕಡ್ಡಿಕಾಯಿಯ ರಾಶಿ.
ರಾಶಿಯ ಸುತ್ತ ಹನ್ನೊಂದು ಹೆಂಗಸರು
ಮೂಗಿಗೆ ಸೆರಗು ಕಟ್ಟಿಕೊಂಡು.
ಕಟ್ಟಿದ್ದು ಮೂಗಿಗೆ. ಬಾಯಿಗಲ್ಲ.

ನಾನು ತೂಕ ಬರೆಯುವವಳು.
ಪಿಯುಸಿ, ಒಂದು ವಿಷಯ ಬಾಕಿ;
ಯಾವುದೆಂದು ಬೇರೆ ಹೇಳಬೇಕಿಲ್ಲ.
ಚಹಾದ ಹೊತ್ತಿಗೆ ಮಿರ್ಚಿ ಕಟ್ಟಿ ಬಂದ ಪೇಪರನ್ನು
ಎಣ್ಣೆ ಹೀರಿದಲ್ಲಿ ಬೆಳಕಿಗೆ ಹಿಡಿದು ಓದಬೇಕು, ಗಟ್ಟಿಯಾಗಿ.
ಅದೂ ನನ್ನ ಕೆಲಸವೇ. ಪಗಾರಕ್ಕೆ ಸೇರಿಲ್ಲ.

“ಕೆಂಪು ಸಮುದ್ರದಾಗ ಹಡಗು ನಿಂತಾವಂತ” ಎಂದೆ.
ಫಕ್ಕೀರವ್ವ ರಾಶಿ ನೋಡಿದಳು, ನನ್ನನ್ನು ನೋಡಿದಳು.
“ಇದನ್ನ ಬಿಟ್ಟು ಇನ್ನೊಂದು ಐತೇನ?”

ನಕ್ಕು ಮುಗಿಯುವುದರೊಳಗೆ ಜಗಳ.
ಮೊದಲು ಕಲ್ಲು ಒಗೆದವರು ಯಾರು,
ಗಡಿ ಅಂದರೆ ಬದುವೋ ಗೋಡೆಯೋ.
“ಬದು ಒತ್ತಿದಾಂವ ಯಾವತ್ತರ ನಾ ಒತ್ತೇನಿ ಅಂದಾನೇನ?”
ಕೊಟ್ರವ್ವ ಮೈದುನನ ಮೇಲೆ ಒಂಬತ್ತು ವರ್ಷ ಕೋರ್ಟಿಗೆ ಅಡ್ಡಾಡಿದವಳು,
ಜಗತ್ತನ್ನು ಎರಡು ಎಕರೆ ಹತ್ತು ಗುಂಟೆಯಲ್ಲಿ ಅಳೆಯುತ್ತಾಳೆ.
ಅಳತೆ ತಪ್ಪೆಂದು ಸಾಧಿಸಲು ನನಗಿನ್ನೂ ಆಗಿಲ್ಲ.

ಮಾಬೂಬಿಯ ಮಗ, ಕಾಯಿಯ ಬಣ್ಣ ಹಿಂಡುವ ಕಾರಖಾನೆಗೆ ಲಾರಿ ಹೊಡೆಯುತ್ತಾನೆ;
ಹೀಗಾಗಿ ಸಮುದ್ರದ ವಿಷಯದಲ್ಲಿ ಆಕೆಯದೊಂದು ಮಾತು ಹೆಚ್ಚಿಗೆ.
“ಹಡಗು ನಿಂತರ ನಮ್ಮ ಬಣ್ಣ ನಿಂತಂಗ.
ಆ ಕಡೆ ಯಾವಾಕಿನೋ ತುಟಿ ತಕ್ಕೊಂಡು ಕಾಯಾಕ್ಹತ್ಯಾಳ.”
“ಕಾಯಲಿ ಬಿಡು. ಕಿಲೋಕ್ಕ ಎರಡು ರೂಪಾಯಿ ಏರಸ್ತಾರಂತ
ನಾವು ಎಷ್ಟು ವರ್ಷ ಕಾದೇವಿ?”

ಗುರುವಾರ, ಕಲ್ಲಿನ ಮಾತು.
ತೂಕದ ಕಟ್ಟೆಗೆ ಒರಗಿದ ವೀರಗಲ್ಲು,
ಅದರ ಮೇಲೆ ಗೋಣಿಚೀಲ ಒಣಹಾಕುತ್ತೇವೆ.
ಹಾವೇರಿಗೆ ಒಯ್ಯಬೇಕೆಂದು ಯಾರೋ ಬಂದು ಟೇಪು ಹಿಡಿದು ಹೋಗಿದ್ದರು.
ನಮ್ಮೂರ ಕಲ್ಲು, ಕೊಡಬಾರದು ಎಂದು ಕೆಲವರು.
ಒಯ್ದರೆ ನೆರಳಿನಲ್ಲಾದರೂ ಇದ್ದೀತು ಎಂದು ಕೆಲವರು.
“ಯಾರಿಂವ?”
“ದನ ಬಿಡಿಸ್ಕೊಂಡು ಬರಾಕ ಹೋಗಿ ಸತ್ತಾಂವ.”
“ಯಾರ ದನ?”
ಬರೆದದ್ದು ಸವೆದಿದೆ. ಮೇಲಿನ ಪಟ್ಟಿಯಲ್ಲಿ
ಎರಡೂ ತೋಳು ಹಿಡಿದು ಅವನನ್ನು ಎತ್ತಿಕೊಂಡು ಹೊರಟ ದೇವಕನ್ನೆಯರು.
ಕೊಟ್ರವ್ವ ಎದ್ದು ಕಲ್ಲಿಗೊಂದು ಸುತ್ತು ಹಾಕಿ ಬಂದಳು,
ಹಿಂದುಗಡೆಯೂ ನೋಡಿದಳು.
“ಇವನ ಹೇಣ್ತಿ ಎಲ್ಲದಾಳ?
ಆ ದನದ ಸಗಣಿ ಬಳದಾಕಿ?”

ಸ್ವಲ್ಪ ಹೊತ್ತು ತುಂಬು ಮುರಿಯುವ ಸದ್ದು ಮಾತ್ರ.
ಚಿಟ್. ಚಿಟ್.

ಯುದ್ಧವನ್ನು ದಾಟಿದೆವು, ಕಲ್ಲನ್ನೂ ದಾಟಿದೆವು.
ಮುರಿದುಬಿದ್ದದ್ದು ಕೆಂಪು ಚಟ್ನಿಯಲ್ಲಿ:
ಬೆಳ್ಳುಳ್ಳಿ ಹಸಿಯದೋ, ಹುರಿದದ್ದೋ.
ಮಾಬೂಬಿ ಹಸಿಯ ಕಡೆ. ಫಕ್ಕೀರವ್ವ ಹುರಿದ ಕಡೆ.
ಮಾತು ತವರಿನ ತನಕ ಹೋಯಿತು,
ತವರಿನಿಂದ ಹಿಂದಕ್ಕೆ ಬರಲಿಲ್ಲ.
ನಾಲ್ಕು ದಿನ ಇಬ್ಬರೂ ರಾಶಿಯ ಆಚೆ ಈಚೆ,
ಬೇಕಾದದ್ದನ್ನೆಲ್ಲ ನನ್ನ ಮೂಲಕ ಕೇಳಿದರು,
ಎದುರಿಗಿದ್ದ ನೀರಿನ ತಂಬಿಗೆಯನ್ನೂ.

ಈ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ.
ಹೊಸಬರು ಮೊದಲ ದಿನ ಮರೆಯುತ್ತಾರೆ,
ಎರಡನೆಯ ದಿನ ಯಾರೂ ಮರೆತದ್ದಿಲ್ಲ.
ಘಾಟು ಎದ್ದರೆ ಮುಖ ಮೇಲಕ್ಕೆತ್ತಿ ಕೂರಬೇಕು,
ಪೆನ್ನಿನ ಕೈಯವಳು, ಅಂದರೆ ನಾನು, ಬರುವ ತನಕ.

ಐದನೆಯ ದಿನ ನಾನು ಗೇಟಿನಲ್ಲಿ ಲಾರಿ ಎಣಿಸುತ್ತಿದ್ದೆ.
ಪೇಪರಿನಲ್ಲಿ ಹಡಗಿನ ಸುದ್ದಿ ಇತ್ತೋ ಏನೋ,
ಎಣ್ಣೆ ಆ ಮೂಲೆಯನ್ನೇ ಕುಡಿದಿತ್ತು.
ಫಕ್ಕೀರವ್ವ ತಗಡು ನೋಡುತ್ತ ಕೂತಿದ್ದಳು,
ನೀರು ಇಳಿದು ಕಿವಿಯ ಬೆಂಡೋಲೆಗೆ ತಾಗಿತ್ತು.
ಮಾಬೂಬಿ ಎದ್ದು ಬಂದಳು. ಎರಡೂ ಕೈ ಬೆನ್ನ ಹಿಂದೆ.
ಬಗ್ಗಿ, ಭುಜದ ಸೆರಗಿನಿಂದ ಒತ್ತಿ ಒರೆಸಿದಳು,
ಆಕಳು ಕರುವಿಗೆ ಗದ್ದ ತಿಕ್ಕಿದ ಹಾಗೆ,
ಒಂದು ಕಣ್ಣು, ಆಮೇಲೆ ಇನ್ನೊಂದು.

ಕಣ್ಣು ಬಿಡದೆಯೇ ಫಕ್ಕೀರವ್ವ ಅಂದಳು:
“ಹುರದಽ ಹಾಕಬೇಕು.”