ಗೆರೆ ಮುಟ್ಟಿದರೆ ಒಳಗೆ

ಮಂಗಲ್ಪಾಡಿ ಆಸ್ಪತ್ರೆಯ ಉದ್ದ ಬೆಂಚು.
ಬುಧವಾರ, ಚುಚ್ಚುಮದ್ದಿನ ದಿನ.
ಮಡಿಲಲ್ಲಿ ಒಂಬತ್ತು ತಿಂಗಳ ನಿಹಾರಿ,
ಕೈಯಲ್ಲಿ ಅವಳ ಲಸಿಕೆಯ ಪುಸ್ತಕ.
ಶ್ರೀಜಾ ಸಿಸ್ಟರ್ ಪುಟ ತಿರುವಿದರು, ತಲೆಕೆಳಗು ಹಿಡಿದರು,
‘ಇದೇತ್ ಭಾಷ?’ ಎಂದರು.

ಒಂದೇ ಬೋರ್ಡಿನಲ್ಲಿ ಮೂರು ಲಿಪಿ ಓದುವ ಊರು ನಮ್ಮದು,
ಬಸ್ಸು ಯಾವ ಅಕ್ಷರ ಹೊತ್ತು ಬಂದರೂ ಹತ್ತುತ್ತೇವೆ.
ಈ ನಾಲ್ಕನೆಯದು,
ಹೊಟ್ಟೆಗೆ ಗೀಟು, ಬಾಲಕ್ಕೆ ಕೊಕ್ಕೆ,
ಯಾರಿಗೂ ಬಾರದು.

‘ಪೋಲೆಂಡು ಸಿಸ್ಟರೇ, ಕಾಲಿಶ್ ಅಂತ ಊರು.’
‘ಅಲ್ಲಿ ಏನು ಕೆಲಸ?’
ಹೆಂಡತಿ ಚೆಂಡು ಹೊಡೆಯುತ್ತಾಳೆ, ನಾನು ಬಾಟಲಿ ತೊಳೆಯುತ್ತೇನೆ,
ಹಾಗೆ ಹೇಳಲಿಲ್ಲ. ‘ವಾಲಿಬಾಲ್’ ಎಂದೆ.
‘ಓ, ಪ್ಲೇಯರಾ!’ ಎಂದವರು
ನನ್ನ ಹೊಟ್ಟೆ ನೋಡಿ ಸುಮ್ಮನಾದರು.

ನಾನು ಆಡಿದವನಲ್ಲ. ಬೇಕೂರು ಶಾಲೆಯ ಮೈದಾನದಲ್ಲಿ
ಕೆಂಪು ಬಾವುಟ ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದವನು.
ಕುಬಣೂರಿನ ಶಶಿಪ್ರಭಾ ಗಟ್ಟಿ ಹೊಡೆದ ಚೆಂಡು
ಸುಣ್ಣದ ಗೆರೆಗೆ ತಾಗಿ ಹೊಗೆಯೆಬ್ಬಿಸಿತು.
ಒಳಗೆ, ಎಂದು ಬಾವುಟ ಕೆಳಗಿಳಿಸಿದೆ.
ಕುಂಬಳೆಯವರು ಹೊಡೆಯಲಿಕ್ಕೇ ಬಂದರು.
ಅವಳು ನೀರು ಕುಡಿಯುತ್ತಾ ಹೇಳಿದ್ದು ತುಳುವಿನಲ್ಲಿ,
ಇಲ್ಲಿ ಬರೆಯಲಾರೆ.
ಮರುವರ್ಷ ಮದುವೆ.

ಅಲ್ಲಿ ಜನವರಿಯಲ್ಲಿ ಕಿಟಕಿಯೇ ತೆರೆಯುವುದಿಲ್ಲ.
ಅವಳ ತಂಡದ ಬಸ್ಸು ರಾತ್ರಿ ಹೊರಟರೆ ಮೂರು ದಿನ.
ಫ್ರೀಜರಿನಲ್ಲಿ ಹಾಲಿನ ಚೀಲಗಳು,
ಮೇಲೆ ಅವಳ ಕೈಬರಹದ ತಾರೀಕು.
ನನಗೆ ಅದು ಸೋತ ದಿನದ ಹಾಲು, ಇದು ಗೆದ್ದ ದಿನದ್ದು.
ಮಗುವಿಗೆ ಎರಡೂ ಒಂದೇ, ಚೀಪಿ ಮುಗಿಸುತ್ತಿತ್ತು.
ಅದರ ಪಕ್ಕದಲ್ಲೇ ಅವಳ ಮಂಡಿಯ ಐಸು ಚೀಲ.
ಒಂದು ನಡುರಾತ್ರಿ ನಿದ್ದೆಗಣ್ಣಲ್ಲಿ
ಮಂಡಿಯದನ್ನೇ ಬಿಸಿನೀರಿಗಿಳಿಸಿ
ಹಾಲು ಯಾಕೆ ನೀಲಿ ಎಂದು ಕಂಗಾಲಾಗಿ ನಿಂತೆ.

ಮೇಲಿನ ಮನೆಯ ಹಲೀನಾ ಮುದುಕಿ
ಮೆಟ್ಟಿಲಲ್ಲಿ ಅಡ್ಡಗಟ್ಟಿ ಬೆರಳಾಡಿಸಿದಳು: ‘ಚಾಪ್ಕಾ! ಚಾಪ್ಕಾ!’
ಬೈಗಳೆಂದುಕೊಂಡೆ. ಸಂಜೆ ತಾನೇ ಹೆಣೆದ
ಟೊಪ್ಪಿ ತಂದು ಮಗುವಿನ ಕಿವಿ ಮುಚ್ಚಿದಳು.
ಇಲ್ಲಿ ಉಪ್ಪಳ ಸ್ಟೇಷನಿನಲ್ಲಿ, ಮೇ ತಿಂಗಳ ಬೆಂಕಿಯಲ್ಲಿ,
ಅತ್ತೆಯ ಮೊದಲ ಮಾತು ಏನು ಗೊತ್ತೆ?
‘ಬಾಲೆಯ ತಲೆಗೆ ಟೊಪ್ಪಿ ಎಲ್ಲಿ?’

ಸಿಸ್ಟರ್ ಕನ್ನಡಕ ತೆಗೆದು ಲೆಕ್ಕ ಹಾಕಿದರು.
ದಡಾರದ ಸೂಜಿ ಇಲ್ಲಿ ಒಂಬತ್ತು ತಿಂಗಳಿಗೆ,
ಅಲ್ಲಿ ವರ್ಷ ದಾಟಿದ ಮೇಲೆ.
ಇಲ್ಲಿಗೆ ಸಮಯವಾಗಿದೆ, ಅಲ್ಲಿಗೆ ಇನ್ನೂ ಆಗಿಲ್ಲ.
‘ಖಾಯಂ ವಿಳಾಸ ಹೇಳಿ, ಇವಳು ಎಲ್ಲಿಯವಳು?’

ಅವಳಮ್ಮ ಹನ್ನೊಂದು ದಿನದ ಹಿಂದೆ ವಿಮಾನ ಹತ್ತಿದ್ದಾಳೆ,
ಹೊಸ ಕರಾರು ಒಂದೇ ಸೀಸನ್ನಿನದು,
ಅದೂ ಮಂಡಿಯ ಸ್ಕ್ಯಾನು ನೋಡಿದ ಮೇಲೆ.
ನಮ್ಮಿಬ್ಬರ ಕಾಗದ ಯಾವುದೋ ಮೇಜಿನ ಮೇಲಿದೆ.
ಬಾವುಟವಿಲ್ಲದ ನನ್ನ ಕೈ ಸುಮ್ಮನೆ ಕೆಳಗಿಳಿಯಿತು:
ಗೆರೆ ಮುಟ್ಟಿದರೆ ಒಳಗೆ ಸಿಸ್ಟರೇ,
ಇಲ್ಲಿಯವಳು ಎಂದೇ ಬರೆಯಿರಿ.
ಅಲ್ಲಿಯ ಮೊಹರಿನ ಕೆಳಗೆ ಅವರು ಮಲಯಾಳದಲ್ಲಿ ಬರೆದರು.
ಜಾಗ ಉಳಿದಿತ್ತು. ನಾನು ಪೆನ್ನು ಕೇಳಿ ಕನ್ನಡದಲ್ಲಿ
‘ಬಲತೋಳು, ತುಂಬ ಅತ್ತಳು’ ಎಂದು ಸೇರಿಸಿದೆ.

ರಾತ್ರಿ ಜ್ವರ.
ಗ್ಯಾಲರಿಯ ಡೋಲು, ಸೀಟಿಯ ನಡುವೆ
ಕಲ್ಲಿನಂತೆ ಮಲಗುತ್ತಿದ್ದ ಕೂಸಿಗೆ
ಕುಬಣೂರಿನ ಮೌನ ಸೇರದು.
ಅಟ್ಟದಿಂದ ಅವಳ ಹಳೆಯ ಚೆಂಡು ಇಳಿಸಿ, ಗಾಳಿ ತುಂಬಿ,
ಅಂಗಳದ ಮುರಕಲ್ಲಿನ ಗೋಡೆಗೆ ಹೊಡೆದೆ,
ಧಪ್. ಮತ್ತೆ ಧಪ್.
ಪಕ್ಕದ ಬುಷ್ರಾಳ ಮನೆಯಲ್ಲಿ ದೀಪ ಹೊತ್ತಿತು.
ಅತ್ತೆಯ ಹೆಗಲ ಮೇಲೆ ಅಳು ನಿಂತಿತು.
ಆದರೆ ಆ ಕೈಯ ಪೆಟ್ಟು ಇದಲ್ಲವೆಂದು ಗೊತ್ತಾಗಿರಬೇಕು,
ಬೆಳಗಿನ ಜಾವದವರೆಗೂ
ಒಂದು ಕಣ್ಣು ತೆರೆದೇ ಇಟ್ಟಿದ್ದಳು.