ಹದಿನೈದು ಪೌಂಡು

ಮುಳ್ಳು ಹದಿನೈದಕ್ಕೇ ನಿಂತಿತ್ತು, ಸುಳ್ಳಲ್ಲ.
ನಾನೇ ನೋಡಿದೆ, ನಾನೇ ಬರೆದೆ:
ಹದಿನೈದು ಪೌಂಡು, ಇಪ್ಪತ್ತು ನಿಮಿಷ, ಸಹಿ.
ಟೇಪಿನ ಗೆರೆಗಳೂ ಕಪ್ಪಾಗಿದ್ದವು.
ಆದರೂ ಮೂರನೇ ದಿನ
ಏನನ್ನೂ ಬಿತ್ತದ ತಟ್ಟೆಯಲ್ಲಿ ಹಾಲುಬಿಳಿ ಚುಕ್ಕೆಗಳು,
ಕರೆಯದೆ ಬಂದು ಪಂಕ್ತಿಯಲ್ಲಿ ಕೂತವರ ಹಾಗೆ.

ಕೋಡಿಬಾಗದ ನಮ್ಮ ಲ್ಯಾಬಿಗೆ ಬರುವುದು
ಸಿಗಡಿ, ಐಸು, ಬಾವಿನೀರಿನ ಬಾಟಲಿ.
ಯಾವುದರಲ್ಲಿ ಎಷ್ಟು ಹುಳ ಎಂದು ಹೇಳುವವರು ನಾವು.
ನಮ್ಮ ತಟ್ಟೆಯಲ್ಲೇ ಎದ್ದರೆ ಯಾರಿಗೆ ಹೇಳುವುದು?
ಹುಬ್ಬಳ್ಳಿಯ ಎಂಜಿನಿಯರಿಗೆ ಹೇಳಿದೆ.
‘ಆಫ್ ಮಾಡಿ ಆನ್ ಮಾಡ್ರಿ ಮೇಡಂ.’
ಮಾಡಿದೆ.
‘ಸೋಮವಾರ ಬರ್ತೇನ್ರಿ.’
ಯಾವ ಸೋಮವಾರ ಎಂದು ಕೇಳಬೇಕಿತ್ತು.

ಮುಚ್ಚಳದ ಹತ್ತಿರ ಕಿವಿ ತಂದವನು ಖೇಮು ತಾಂಡೇಲ.
ಗಾಜು ತೊಳೆಯುವುದು ಅವನ ಕೆಲಸ;
ಅದಕ್ಕೆ ಮೊದಲು ಬೈತಖೋಲದ ದೋಣಿಯೊಂದರಲ್ಲಿ
ಹನ್ನೊಂದು ವರ್ಷ ಎಂಜಿನ್ನಿನ ಹೊಟ್ಟೆಯೊಳಗಿದ್ದವ.
‘ಅಕ್ಕೋರೆ, ಇದಕ್ಕೆ
ಬಿಡಬೇಕಾದಲ್ಲಿ ಉಸಿರಿಲ್ಲ,
ಬಿಡಬಾರದಲ್ಲಿ ಉಂಟು.’

ತಣಿದ ಮೇಲೆ ಗ್ಯಾಸ್ಕೆಟ್ ಕಿತ್ತು ಮಡಚಿ ತೋರಿಸಿದ:
ಬಿರುಕಿನೊಳಗೆ ಒಣಗಿದ ಅಗರ್, ಹಳೆಯ ಅಂಟಿನ ಹಾಗೆ.
ಅದಕ್ಕೇ ದಿನಾ ಆ ಸೀಟಿ.
ನಾನು ತಿರುಪು ಬಿಗಿದು ಬಿಗಿದು ಬಾಯಿ ಮುಚ್ಚಿಸಿದ್ದ ಸೀಟಿ.
ತಳದ ಸುರುಳಿಯ ಮೈತುಂಬ ಬಿಳಿ ಹಳಕು.
ಏಪ್ರಿಲ್ ಬಂತೆಂದರೆ ಕಾಳಿ ಹೊಳೆಗೆ ಸಮುದ್ರ ಏರುತ್ತದೆ,
ಬಾವಿಯೂ ಉಪ್ಪಾಗುತ್ತದೆ;
ಬಟ್ಟಿ ಇಳಿಸಿದ ನೀರು ಮುಗಿದ ದಿನಗಳಲ್ಲಿ
ಅದೇ ಕೊಡ ಸುರಿದವಳು ನಾನು.
ಖೇಮು ಏನೂ ಅನ್ನಲಿಲ್ಲ.
ಮುರುಗಲ ಹುಳಿ ಕದಡಿ ರಾತ್ರಿಯಿಡೀ ನೆನೆಸಿಟ್ಟ.
ಬೆಳಿಗ್ಗೆ ಲ್ಯಾಬಿಗೆ ಲ್ಯಾಬೇ ಸೋಲಕಡಿ ವಾಸನೆ.

‘ಬಾಟಲಿ ಹೇಗೆ ತುಂಬಿದ್ದೀರಿ ನೋಡಿ, ಕುಮಟೆ ಬಸ್ಸು.
ನಮ್ಮ ಆಯಿ ಕೊಟ್ಟೆರೊಟ್ಟಿ ಇಡುವಾಗಲೂ
ನಡುವೆ ಬೆರಳು ಹೋಗುವಷ್ಟು ಬಿಡುತ್ತಿದ್ದಳು.’
ಆಮೇಲೆ, ಕೈ ಒರೆಸುತ್ತ, ಸುಮ್ಮನೆ ಕೇಳಿದ:
‘ಗಾಳಿಯ ಕೀಲು ಯಾವಾಗ ಮುಚ್ತೀರಿ?’
ಹಬೆ ಕಂಡ ಕೂಡಲೇ, ಎಂದೆ.
‘ಕಂಡದ್ದು ಮೊದಲ ಹಬೆ. ಗಾಳಿ ಇನ್ನೂ ಒಳಗೇ ಇದೆ.’

ಅಷ್ಟೇ.
ಒಳಗುಳಿದ ಹಳೆಯ ಗಾಳಿ
ಹಬೆಯ ಜೊತೆ ಸೇರಿ ಮುಳ್ಳನ್ನು ತಳ್ಳುತ್ತದೆ;
ತಳ್ಳುವುದಕ್ಕೆ ಬಿಸಿ ಬೇಕಿಲ್ಲ.
ಹದಿನೈದು ಪೌಂಡು ನಿಜ,
ನೂರ ಇಪ್ಪತ್ತೊಂದು ಡಿಗ್ರಿ ಮಾತ್ರ ಇಲ್ಲ.
ಟೇಪಿಗೆ ಗೊತ್ತಿರುವುದು ಬಿಸಿ ಬಂದು ಹೋಯಿತೆಂದು,
ಎಷ್ಟು ಹೊತ್ತು ಕೂತಿತ್ತೆಂದಲ್ಲ.

ದಾಖಲೆ ಪುಸ್ತಕ ಹಿಂದಕ್ಕೆ ತಿರುವಿದೆ.
ಆರು ವಾರ. ನಲವತ್ತೊಂದು ವರದಿ.
ಎರಡು ಮೀನು ಕಂಪನಿ, ಒಂದು ಅಂಗನವಾಡಿಯ ಬಾವಿ.
‘ಮುಳ್ಳು ಹದಿನೈದಿತ್ತಲ್ಲ?’ ಎಂದರು ಸಾಹೇಬರು,
ಕಿಟಕಿಯ ಕಡೆ ನೋಡುತ್ತ.
ಇತ್ತು ಸರ್, ಎಂದೆ.
ಕೆಂಪು ಪೆನ್ನು ಕೇಳಿದೆ.

ಹೊಸ ಗ್ಯಾಸ್ಕೆಟ್ ಹಾಕಿದ ದಿನ
ಕೀಲು ತೆರೆದಿಟ್ಟು ಹತ್ತು ನಿಮಿಷ ನಿಂತೆವು.
ಮೊದಲು ಕೆಮ್ಮಿ ಕೆಮ್ಮಿ ಬಂತು,
ಆಮೇಲೆ ನೂಲಿನಂತೆ, ಒಂದೇ ಸಮ.
‘ಈಗ’ ಎಂದ ಖೇಮು.

ಬೀಜಾಣುವಿನ ಪುಟ್ಟ ಸೀಸೆ
ಎರಡು ದಿನ ಕಾವಿನಲ್ಲಿದ್ದೂ ಹಳದಿಗೆ ತಿರುಗಲಿಲ್ಲ.
ನೇರಳೆ ಬಣ್ಣ ನೇರಳೆಯಾಗಿಯೇ ಇತ್ತು.
ಅವನಿಗೆ ತೋರಿಸಲು ಹೋದೆ.
ನೋಡಿದ, ತಲೆಯಾಡಿಸಿದ,
ಹಳೆಯ ಗ್ಯಾಸ್ಕೆಟ್ ಒಯ್ಯಲೇ ಎಂದು ಕೇಳಿದ.
ಒಣಮೀನಿನ ಡಬ್ಬಕ್ಕೆ ಆದೀತು,
ಇರುವೆಗೆ ಅಷ್ಟು ಸಾಕಂತೆ.