ಗದ್ದ ನೋಡುವ ಅಮ್ಮ

"ಅಮ್ಮ ನನ್ನ ಗದ್ದದ ಜೊತೆ ಮಾತಾಡ್ತಾಳೆ,
ನನ್ನ ಜೊತೆ ಅಲ್ಲ."
ಆರು ವರ್ಷದ ತೆಕ್ಲೆ ಹೀಗಂದಾಗ
ಬೆಸುಗೆಯ ಕಡ್ಡಿ ನನ್ನ ಕೈಯಲ್ಲೇ ತಣ್ಣಗಾಯಿತು.

ಕುತೈಸಿಯಲ್ಲಿ ಮೂವತ್ತು ವರ್ಷ
ಟಿವಿ ರಿಪೇರಿ ಮಾಡಿದವನು ನಾನು, ಜುರಾಬ್.
ಡಬ್ಬಿಯೊಳಗಿನ ಮುಖ ನಡುಗಿದರೆ ನಿಲ್ಲಿಸಬಲ್ಲೆ,
ಹಸಿರಿಗೆ ತಿರುಗಿದರೆ ರಕ್ತ ತುಂಬಬಲ್ಲೆ.
ತಂಗಿ ನೆಸ್ತಾನ್ ಇಟಲಿಯ ಸಲೆರ್ನೊದಲ್ಲಿ
ಯಾರದೋ ಅಜ್ಜಿಯ ಬೆನ್ನು ಉಜ್ಜುತ್ತಾಳೆ,
ಅಜ್ಜಿ ಮಲಗಿದ ಮೇಲೆ
ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ
ಮಗಳನ್ನು ನೋಡುತ್ತಾಳೆ.
ನೋಡುವುದು ಗಾಜಿನ ನಡುವೆ,
ನೋಟವನ್ನು ಹಿಡಿಯುವ ಕ್ಯಾಮೆರಾ ಗಾಜಿನ ನೆತ್ತಿಯಲ್ಲಿ.
ಆ ನಾಲ್ಕು ಬೆರಳಿನ ಸಂದಿನಲ್ಲಿ
ಎರಡು ವರ್ಷ ಜಾರಿ ಬಿತ್ತು.

ದೊಡ್ಡ ಪರದೆಯೊಂದರ ನಾಲ್ಕು ಮೂಲೆಗೆ
ನಾಲ್ಕು ಕ್ಯಾಮೆರಾ ಕೂರಿಸಿದೆ.
ಎಡದವಕ್ಕೆ ಒಂದು ಕಿವಿ ಕಂಡಿತು, ಬಲದವಕ್ಕೆ ಇನ್ನೊಂದು,
ಮೇಲಿನವಕ್ಕೆ ಬೈತಲೆ, ಕೆಳಗಿನವಕ್ಕೆ ಮೂಗಿನ ಹೊಳ್ಳೆ.
ನಾಲ್ಕು ಸಾಕ್ಷಿಗಳ ನಾಲ್ಕು ಮಾತು ಹೊಲಿದು
ಯಾರೂ ನಿಂತು ನೋಡದ ಜಾಗದಿಂದ
ಒಂದು ಮುಖ ತೆಗೆಯಬೇಕು.

ಲೆಕ್ಕ ಬರೆದುಕೊಟ್ಟವನು ಪಕ್ಕದ ಮನೆಯ ವಾಖೋ.
ಚದುರಂಗದ ಮನೆ ಅಚ್ಚಾದ ಹಾಳೆ ಹಿಡಿದು
ಹೀಗೆ ಓರೆ, ಹಾಗೆ ಓರೆ
ನಲವತ್ತು ಸಲ ತೋರಿಸಬೇಕಂತೆ,
ಆಗಲೇ ಕ್ಯಾಮೆರಾಗಳು ಒಂದನ್ನೊಂದು ಗುರುತು ಹಿಡಿಯುವುದಂತೆ.
ಮೊದಲ ದಿನ ತೆಕ್ಲೆಗೆ ಮೂರು ಹುಬ್ಬು.
ಮರುದಿನ ಮೂಗೇ ಕರಗಿ ಹೋಯಿತು.
ಬಿದ್ದು ಬಿದ್ದು ನಕ್ಕಳು ಪೋರಿ.

ಹನ್ನೊಂದನೇ ದಿನ ನೆಸ್ತಾನ್ ಅರ್ಧ ಮಾತಿಗೆ ನಿಂತಳು.
"ಏನಾಯ್ತೇ? ಲೈನ್ ಹೋಯ್ತಾ?"
"ಇಲ್ಲ. ನನ್ನನ್ನೇ ನೋಡ್ತಿದಾಳೆ."
ಪಾತ್ರೆ ಒರೆಸುವ ಬಟ್ಟೆಯಲ್ಲೇ ಮೂಗೊರೆಸಿಕೊಂಡಳು.
ನಾನು ಮೀಸೆಗೆ ಕೈ ಹಾಕುವಷ್ಟರಲ್ಲಿ
ತೆಕ್ಲೆ ತೋಳು ಜಗ್ಗಿ ಪಿಸುಗುಟ್ಟಿದಳು:
"ಮಾಮಾ, ಅವಳು ಇನ್ನೂ ಗದ್ದಾನೇ ನೋಡ್ತಿದಾಳೆ."

ನನ್ನ ಬುದ್ಧಿಗೆ ಬೆಂಕಿ ಬೀಳ!
ಅತ್ತದ್ದು ಇವಳು,
ಕಣ್ಣೊರೆಸಿದ್ದು ಅವಳದು.
ನನ್ನ ಮೇಜಿನ ಮೇಲೆ ಹಚ್ಚಿದ ದೀಪ
ಸಲೆರ್ನೊದಲ್ಲಿ ಬೆಳಗುತ್ತಿತ್ತು,
ಇಲ್ಲಿ ಅದೇ ಕತ್ತಲೆ.

ಎಲ್ಲ ಬಿಚ್ಚಿದೆ.
ಗುರುವಾರ ಇಟಲಿಗೆ ಹೊರಡುವ ವ್ಯಾನಿನಲ್ಲಿ
ಯಾರದೋ ಉಪ್ಪಿನಕಾಯಿ ಭರಣಿ, ಯಾರದೋ ಬೂಟುಗಳ ನಡುವೆ
ಪರದೆ, ಕಂಬಳಿಯಲ್ಲಿ ಸುತ್ತಿದ ನಾಲ್ಕು ಕಣ್ಣು,
ದ್ರಾಕ್ಷಿ ರಸದಲ್ಲಿ ಅದ್ದಿದ ಅಕ್ರೋಟಿನ ಸರ,
ಸುರುಳಿಯಾದ ಚದುರಂಗ.
ಒಂಬತ್ತು ಕಿಲೋ, ಅಂದ ಡ್ರೈವರ್.

ಇವತ್ತು ಆ ಕಡೆ ನಲವತ್ತರ ಎಣಿಕೆ.
ಫೋನಿನ ತುಂಬ ಕಪ್ಪು ಬಿಳಿ ಮನೆಗಳು,
ಅಂಚಿನಲ್ಲಿ ಎಂಟು ಬೆರಳು.
ಬ್ಲೀಚಿಗೆ ಸಿಪ್ಪೆ ಎದ್ದಿವೆ, ಒಂದಕ್ಕೆ ಬ್ಯಾಂಡೇಜು.
ಇದನ್ನವಳು ನಮಗೆ ಹೇಳಿರಲಿಲ್ಲ.
ಕುರ್ಚಿಯ ಮೇಲೆ ಮಂಡಿಯೂರಿ ತೆಕ್ಲೆ ಎಣಿಸುತ್ತಾಳೆ:
ಮೂವತ್ತೆಂಟು. ಮೂವತ್ತೊಂಬತ್ತು.
ನಲವತ್ತು.

ಹಾಳೆ ಕೆಳಗಿಳಿಯಲಿಲ್ಲ.
ಇತ್ತ ಇವಳೂ ಸುಮ್ಮನೆ
ಅಂಗೈಯಿಂದ ತನ್ನ ಗದ್ದ ಮುಚ್ಚಿಕೊಂಡಳು.